ಹಳೇ ಪಿಕಪ್ಪಿಗೆ ಬ್ಲೇಡು ಹಾಕಿಸುವ ಮುಂಚೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಭಾಷಣ ಮಾಡಿ ಅಭ್ಯಾಸ ಇರುವವರಲ್ಲ. ಗಾಡಿ ಓಡಿಸಿ, ಗಾಡಿ ಕೆಳಗೆ ಮಲಗಿ, ಕೈ ಮಸಿ ಮಾಡಿಕೊಂಡವರು. ಸಂಘದವರು ಬಂದು, "ಊರಲ್ಲಿ ಹಳೇ ಪಿಕಪ್ಪು ಇಟ್ಟುಕೊಂಡಿರುವವರೆಲ್ಲ ಬ್ಲೇಡು ಎತ್ತಿಸಬೇಕು, ಎಕ್ಸ್‌ಟ್ರಾ ಬ್ಲೇಡು ಹಾಕಿಸಬೇಕು ಅಂತ ಓಡಾಡ್ತಿದ್ದಾರೆ, ಕಡಿಮೆ ಖರ್ಚಿನಲ್ಲಿ ಯಾವುದು ಒಳ್ಳೇದು, ಎರಡು ಮಾತು ಹೇಳಿ" ಅಂದರು. ಆದ್ದರಿಂದ ತಮ್ಮ ಮುಂದೆ ನಿಂತಿದ್ದೇವೆ.

೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನಲ್ಲಿ ಸಹಕಾರದ ಬೀಜ ಬಿತ್ತಿದರು. ಆಗ ರೈತನ ಸರಕು ಸಂತೆಗೆ ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಆ ಗಾಡಿಗೆ ಬ್ಲೇಡೂ ಇಲ್ಲ, ಸ್ಪ್ರಿಂಗೂ ಇಲ್ಲ. ಇವತ್ತು ನಮ್ಮ ಕೋಲಾರದ ಕಡೆ ಟೊಮೇಟೊ ಕೊಯ್ದ ದಿನವೇ ಮಾರುಕಟ್ಟೆ ಮುಟ್ಟಬೇಕು. ಕೋಲಾರದ ಎ.ಪಿ.ಎಂ.ಸಿ.ಗೋ, ಗಡಿ ದಾಟಿ ಮದನಪಲ್ಲಿಗೋ ಪಿಕಪ್ಪಿನಲ್ಲೇ ಹೋಗಬೇಕು. ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹತ್ತು ಹದಿನೈದು ವರ್ಷದ ಹಳೇ ಗಾಡಿಯನ್ನೇ ಸಾಲ ಮಾಡಿ ತಂದು, ಅದರಲ್ಲೇ ಸಂಸಾರ ನಡೆಸುವವರು ಬಹಳ ಜನ. ಆ ಗಾಡಿ ದಾರಿಯಲ್ಲಿ ಕೈ ಕೊಟ್ಟರೆ ಒಂದು ದಿನದ ಬಾಡಿಗೆಯ ಜೊತೆಗೆ ಆ ಬೆಳೆಯೂ ಹೋಯಿತು. ಕೆಲವು ಸಲ ಅದಕ್ಕಿಂತ ದೊಡ್ಡದೇ ಹೋಗುತ್ತದೆ. ಅದಕ್ಕೇ ಈ ಮಾತು ಸಣ್ಣದಲ್ಲ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇವೆ. ಪುಸ್ತಕದಲ್ಲಿ ಲೀಫ್ ಸ್ಪ್ರಿಂಗ್ ಅಂತ ಇರುತ್ತದೆ. ನಮ್ಮ ಡ್ರೈವರುಗಳು ಬ್ಲೇಡು ಅಂತಾರೆ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ನಡುವೆ ಸೆಂಟರ್ ಬೋಲ್ಟು, ಹೌಸಿಂಗಿಗೆ ಕಚ್ಚಿ ಹಿಡಿಯಲು ಯು ಬೋಲ್ಟು. ಉದ್ದದ ಪಟ್ಟಿ ಮೇನ್ ಬ್ಲೇಡು, ಅದರ ಎರಡು ತುದಿಯೂ ಸುತ್ತಿಕೊಂಡು ಕಣ್ಣು ಆಗಿರುತ್ತದೆ. ಒಂದು ಕಣ್ಣು ಚಾಸಿಗೆ ನೇರವಾಗಿ, ಇನ್ನೊಂದು ಶಾಕಲ್ಲಿನ ಮೂಲಕ. ಹಿಂದಿನ ಕಾಲದ ಜಟಕಾ ಗಾಡಿಗೂ ಇದೇ ಜಾತಿಯ ಬ್ಲೇಡು ಇರುತ್ತಿತ್ತು. ಪಿಕಪ್ಪಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಮುಂದೆ ಮಾತ್ರ ಗಾಡಿಗೊಂದು ರೀತಿ. ಕೆಲವಕ್ಕೆ ಬ್ಲೇಡು, ಕೆಲವಕ್ಕೆ ಕಾಯಿಲ್ ಸ್ಪ್ರಿಂಗು, ಕೆಲವಕ್ಕೆ ಟಾರ್ಶನ್ ಬಾರು.

ಗಾಡಿ ಯಾಕೆ ಕೂತಿದೆ?

ಗಾಡಿ ಎತ್ತಿಸಬೇಕು ಅಂತ ಬರುವವರನ್ನು ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಖಾಲಿ ಇದ್ದಾಗಲೂ ಕೂತಿದೆಯೋ, ಲೋಡು ಹಾಕಿದಾಗ ಮಾತ್ರ ಕೂರುತ್ತದೋ?

ಖಾಲಿ ಇದ್ದಾಗಲೇ ಹಿಂದೆ ಕೂತಿದ್ದರೆ, ಅಥವಾ ಒಂದು ಕಡೆ ವಾಲಿದ್ದರೆ, ಬ್ಲೇಡು ಸೋತಿದೆ ಅಂತ ಅರ್ಥ. ಖಾಲಿ ಇದ್ದಾಗ ಚೆನ್ನಾಗಿ ನಿಂತು, ಲೋಡು ಬಿದ್ದ ಕೂಡಲೇ ರಬ್ಬರಿನ ಸ್ಟಾಪಿಗೆ ಬಡಿಯುತ್ತಿದ್ದರೆ ಬ್ಲೇಡಿನ ತಪ್ಪು ಕಡಿಮೆ, ಲೋಡಿನ ತಪ್ಪು ಹೆಚ್ಚು. ಲೋಡು ಸರಿಯಾಗಿದ್ದೂ ತೋಟದ ದಾರಿಯ ಕಲ್ಲು ತಳಕ್ಕೆ ತಗಲುತ್ತದೆ ಅನ್ನುವುದು ಮೂರನೇ ಸಂಗತಿ. ಮೂರಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ ಒಂದೇ ಮದ್ದು ಅಂತ ಎಕ್ಸ್‌ಟ್ರಾ ಬ್ಲೇಡು ಹಾಕಿಸಿದರೆ ದುಡ್ಡೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಕಣ್ಣಂದಾಜು ಸಾಲದು, ಅಳತೆ ಬೇಕು. ಗಾಡಿಯನ್ನು ಖಾಲಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸಂಘದ ಗೋದಾಮಿನ ಸಿಮೆಂಟು ಕಣ ಇದಕ್ಕೆ ಚೆನ್ನಾಗಿದೆ. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಚಕ್ರಕ್ಕೆ ಬರೆದುಕೊಳ್ಳಿ. ಅದೇ ಮಾಡೆಲಿನ, ಸುಸ್ಥಿತಿಯಲ್ಲಿರುವ ಇನ್ನೊಂದು ಗಾಡಿ ಊರಲ್ಲಿದ್ದರೆ ಅದರದ್ದೂ ಬರೆದುಕೊಳ್ಳಿ. ಎರಡಕ್ಕೂ ಇರುವ ವ್ಯತ್ಯಾಸವೇ ನಿಮಗೆ ಬೇಕಾದ ಎತ್ತರ. ಅಂಗಡಿಯವನು "ಮೂರಿಂಚು ಎತ್ತಿಬಿಡೋಣ ಅಣ್ಣಾ" ಅಂದಾಗ, "ಬೇಡಪ್ಪಾ, ನಮಗೆ ಒಂದೂಕಾಲು ಇಂಚು ಸಾಕು" ಅನ್ನುವ ಧೈರ್ಯ ಈ ಚೀಟಿಯಿಂದ ಬರುತ್ತದೆ.

ಅಳತೆ ಆದ ಮೇಲೆ ಕೆಳಗೆ ಬಗ್ಗಿ ನೋಡಿ. ಬುಷ್ ಸವೆದಿದೆಯಾ? ಶಾಕಲ್ ಹಿಡಿದುಕೊಂಡಿದೆಯಾ? ಸೆಂಟರ್ ಬೋಲ್ಟು ತುಂಡಾಗಿ ಹೌಸಿಂಗು ಒಂದು ಕಡೆ ಸರಿದಿದೆಯಾ? ಬ್ಲೇಡಿನ ಮೇಲೆ ಅಡ್ಡಗೀರಿನಂತೆ ಕೆಂಪು ತುಕ್ಕು ಕಾಣುತ್ತಿದ್ದರೆ ಅದು ಬಿರುಕು ಇರಬಹುದು, ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಎಷ್ಟೋ ಗಾಡಿಗೆ ಬುಷ್ಷು, ಶಾಕಲ್ ಪಿನ್ನು ಹೊಸದು ಹಾಕಿದರೇನೇ ವಾಲುವುದು ನಿಲ್ಲುತ್ತದೆ. ಅದಕ್ಕಿಂತ ಅಗ್ಗದ ರಿಪೇರಿ ಇನ್ನೊಂದಿಲ್ಲ.

ಎತ್ತರ ಬೇರೆ, ಬಲ ಬೇರೆ

ಎಷ್ಟು ಭಾರ ಹಾಕಿದರೆ ಸ್ಪ್ರಿಂಗು ಅಷ್ಟಕ್ಕೆ ತಕ್ಕಂತೆ ತಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿ ೧೬೭೮ರಲ್ಲೇ ಪ್ರಕಟಿಸಿದ್ದಾನೆ. ನಮ್ಮ ಲೆಕ್ಕಕ್ಕೆ ತರೋಣ. ಒಂದು ಬ್ಲೇಡ್ ಸೆಟ್ಟು ೫ ಕಿಲೋ ಭಾರಕ್ಕೆ ೧ ಮಿ.ಮೀ. ತಗ್ಗುತ್ತದೆ ಅಂತ ಇಟ್ಟುಕೊಳ್ಳಿ. ೫೦೦ ಕಿಲೋ ಬಿದ್ದರೆ ೧೦೦ ಮಿ.ಮೀ., ಅಂದರೆ ನಾಲ್ಕು ಇಂಚು ತಗ್ಗಿತು. ಈಗ ಕಮಾನು ಮಾತ್ರ ಹೆಚ್ಚಿಸಿ ಎರಡು ಇಂಚು ಎತ್ತರ ಕೊಟ್ಟರೂ ಅದು ೫೦೦ ಕಿಲೋಗೆ ಅದೇ ನಾಲ್ಕು ಇಂಚು ತಗ್ಗುತ್ತದೆ. ಮೇಲಿಂದ ಶುರುವಾಯಿತು ಅಷ್ಟೇ. ಬಲ ಏನೂ ಹೆಚ್ಚಲಿಲ್ಲ.

ಬಲ ಬರುವುದು ಪಟ್ಟಿಯ ದಪ್ಪದಿಂದ, ಅಗಲದಿಂದ, ಪಟ್ಟಿಗಳ ಸಂಖ್ಯೆಯಿಂದ. ಇದರಲ್ಲಿ ದಪ್ಪದ್ದೇ ದೊಡ್ಡ ಆಟ. ದಪ್ಪವನ್ನು ಮೂರು ಸಲ ಗುಣಿಸಬೇಕು. ೬ ಮಿ.ಮೀ. ಪಟ್ಟಿಗೆ ೬x೬x೬, ಅಂದರೆ ೨೧೬. ೭ ಮಿ.ಮೀ.ಗೆ ೩೪೩. ಒಂದೇ ಒಂದು ಮಿ.ಮೀ. ದಪ್ಪ ಹೆಚ್ಚಾದರೆ ಬಿಗಿ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ತಿರುಗಿಸಿ ನೋಡಿದರೆ, ೮ ಮಿ.ಮೀ. ಪಟ್ಟಿ ತುಕ್ಕು ತಿಂದು ೭ ಆದರೆ ಮೂರನೇ ಒಂದು ಪಾಲು ಬಿಗಿ ಹೋಯಿತು. ಹಳೇ ಗಾಡಿಯ ಬ್ಲೇಡು ಯಾಕೆ ಸೋಲುತ್ತದೆ ಅನ್ನುವುದಕ್ಕೂ, "ಸ್ವಲ್ಪ ದಪ್ಪದ್ದು ಹಾಕಿದೀನಿ" ಅಂದಾಗ ಗಾಡಿ ಯಾಕೆ ಕಲ್ಲಿನಂತೆ ಎಗರುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಎಗರುವ ಗಾಡಿಯಲ್ಲಿ ಟೊಮೇಟೊ ಜಜ್ಜಿಹೋಗುತ್ತದೆ, ಖಾಲಿ ಬರುವಾಗ ಹಿಂದಿನ ಚಕ್ರ ರಸ್ತೆ ಬಿಟ್ಟು ಬಿಟ್ಟು ಕುಣಿಯುತ್ತದೆ, ಮಳೆಯಲ್ಲಿ ಬ್ರೇಕು ಹಿಡಿದರೆ ಜಾರುತ್ತದೆ.

ಅಗ್ಗದ ದಾರಿಗಳು, ಒಂದೊಂದಾಗಿ

ಮೊದಲನೆಯದು, ಹಳೇ ಬ್ಲೇಡಿನ ಕಮಾನು ಏರಿಸುವುದು. ಬ್ಲೇಡು ಬಿಚ್ಚಿ, ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದು ಬಾಗಿಸುತ್ತಾರೆ. ಖರ್ಚು ಕಡಿಮೆ. ಆದರೆ ಸೋತ ಉಕ್ಕು ಸೋತದ್ದೇ, ಲೋಡು ಹೊಡೆಯುವ ಗಾಡಿಯಲ್ಲಿ ಮತ್ತೆ ಕೂರುತ್ತದೆ. ಕೆಲವರು ಒಲೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ, ಹಾಗೇ ನೆಲಕ್ಕೆ ಬಿಸಾಕಿ ಆರಿಸುತ್ತಾರೆ. ಅದು ಬೇಡ. ಸ್ಪ್ರಿಂಗ್ ಉಕ್ಕನ್ನು ಕಾರ್ಖಾನೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಆ ಗುಣ ಬರಿಸಿರುತ್ತಾರೆ. ಕಾಯಿಸಿ ಸುಮ್ಮನೆ ಆರಿಸಿದರೆ ಆ ಹದವೆಲ್ಲ ಹೋಗುತ್ತದೆ. ಮಚ್ಚಿಗೆ, ಕುಡುಗೋಲಿಗೆ ಹದ ಹಿಡಿಯುವ ನಮ್ಮ ಕುಲುಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಣ್ಣೆ ತೊಟ್ಟಿ ಇಟ್ಟು, ಎರಡು ಸಲ ಕಾಯಿಸಿ ಸರಿಯಾಗಿ ಮಾಡುವ ಅಂಗಡಿ ಸಿಕ್ಕರೆ ಮಾತ್ರ ಕೊಡಿ.

ಎರಡನೆಯದು, ಒಂದು ಪಟ್ಟಿ ಸೇರಿಸುವುದು. ಇದರಲ್ಲಿ ಉದ್ದ ಮುಖ್ಯ. ಗಿಡ್ಡ ಪಟ್ಟಿ ಅಗ್ಗ, ಆದರೆ ಅದರ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ ಮೇಲಿನ ಬ್ಲೇಡಿನ ಮೇಲೆ ಒತ್ತಡ ಒಂದೇ ಕಡೆ ಬೀಳುತ್ತದೆ. ಆರು ತಿಂಗಳಾದ ಮೇಲೆ ಮೇನ್ ಬ್ಲೇಡು ಅಲ್ಲೇ ಕಟ್ ಆದರೆ ಆಶ್ಚರ್ಯವಿಲ್ಲ. ಸೇರಿಸುವುದಾದರೆ ಮೇನ್ ಬ್ಲೇಡಿನ ಕೆಳಗೆ ಕಣ್ಣಿನವರೆಗೆ ಬರುವ ಉದ್ದದ ಪಟ್ಟಿ, ಅದೇ ಅಗಲ, ಅದೇ ದಪ್ಪ. ಅದು ಕಣ್ಣನ್ನು ಸುತ್ತಿ ಬಂದಿದ್ದರೆ ಇನ್ನೂ ಒಳ್ಳೇದು. ಮೇನ್ ಬ್ಲೇಡು ದಾರಿಯಲ್ಲಿ ತುಂಡಾದರೂ ಹೌಸಿಂಗನ್ನು ಸ್ವಲ್ಪ ಹೊತ್ತು ಹಿಡಿದಿರುತ್ತದೆ.

ಮೂರನೆಯದು, ಉದ್ದದ ಶಾಕಲ್. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು. ಹಿಂದೆ ಸ್ವಲ್ಪ ಮಟ್ಟಿಗೆ ನಡೆಯಬಹುದು. ಮುಂದಿನ ಬ್ಲೇಡಿಗೆ ಹಾಕಿದರೆ ಚಕ್ರ ನಿಲ್ಲುವ ಓರೆ ಬದಲಾಗಿ ಸ್ಟೇರಿಂಗು ಅಲೆದಾಡುತ್ತದೆ. ವೆಲ್ಡಿಂಗ್ ಹೊಡೆದು ಉದ್ದ ಮಾಡಿದ ಶಾಕಲ್ಲಂತೂ ಯಾರೂ ಹಾಕಿಸಬೇಡಿ.

ನಾಲ್ಕನೆಯದು, ಬ್ಲೇಡಿಗೂ ಹೌಸಿಂಗಿಗೂ ನಡುವೆ ದಿಮ್ಮಿ ಇಡುವುದು. ಬ್ಲೇಡು ಹೌಸಿಂಗಿನ ಮೇಲೆ ಕೂರುವ ಗಾಡಿಯಲ್ಲಿ ಇದು ಹಿಂದಿನ ಎತ್ತರ ಕೊಡುತ್ತದೆ. ಅಚ್ಚುಕಟ್ಟಾದ ಉಕ್ಕಿನ ದಿಮ್ಮಿ, ಅದರ ಅಳತೆಗೆ ಉದ್ದದ ಹೊಸ ಯು ಬೋಲ್ಟು, ಒಂದು ಕಡೆಗೆ ಒಂದೇ ದಿಮ್ಮಿ. ಒಂದರ ಮೇಲೊಂದು ಇಡಬಾರದು. ಮುಂದಿನ ಆಕ್ಸಲಿಗೆ ಇಡಲೇಬಾರದು, ಬ್ರೇಕು ಹಿಡಿದಾಗ ಜಾರಿದರೆ ಗಾಡಿ ಕೈಯಲ್ಲಿ ಉಳಿಯುವುದಿಲ್ಲ. ಮರದ ತುಂಡು ಇಟ್ಟು ಬಿಗಿಯುವವರೂ ಇದ್ದಾರೆ. ಮರ ಒಣಗುತ್ತದೆ, ಸೀಳುತ್ತದೆ, ಬೋಲ್ಟು ಸಡಿಲವಾಗುತ್ತದೆ. ಮುಂದಿನದು ತಾವೇ ಊಹಿಸಿಕೊಳ್ಳಿ.

ಐದನೆಯದು, ಗುಜರಿಯ ಬ್ಲೇಡು. ಬೆಂಗಳೂರಿನ ಶಿವಾಜಿನಗರದ ಕಡೆ ಹೋದರೆ ಹಳೇ ಸಾಮಾನು ಸಿಗದ ಗಾಡಿ ಇಲ್ಲ. ಬಾಗಿಲು, ಕನ್ನಡಿ, ಸೀಟು ಅಲ್ಲಿ ತಗೊಳ್ಳಿ, ಬೇಡ ಅನ್ನುವುದಿಲ್ಲ. ಬ್ಲೇಡು ಮಾತ್ರ ಬೇಡ. ಉಕ್ಕಿನ ಆಯಾಸ ಕಣ್ಣಿಗೆ ಕಾಣುವುದಿಲ್ಲ. ಅದು ಎಷ್ಟು ಲೋಡು ಹೊತ್ತಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಆರನೆಯದು, ಕಂಪನಿ ಅಳತೆಯ ಹೊಸ ಬ್ಲೇಡ್ ಸೆಟ್ಟು. ಗಾಡಿ ತಯಾರಿಸಿದ ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಬ್ಲೇಡನ್ನೇ ಮಾಡುವ ಕಾರ್ಖಾನೆಗಳ ಸರಕು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿಗುತ್ತದೆ. ಮೊದಲು ಕೈಯಿಂದ ಹೆಚ್ಚು ದುಡ್ಡು ಹೋಗುವುದು ನಿಜ. ಆದರೆ ಮೂರು ಸಲ ಕಮಾನು ಏರಿಸಿದ ಕೂಲಿ, ಮೂರು ದಿನ ಗಾಡಿ ನಿಂತ ಬಾಡಿಗೆ, ಮತ್ತೆ ಮತ್ತೆ ಬಿಚ್ಚಿದ ಬೋಲ್ಟು, ಬುಷ್ಷು ಎಲ್ಲಾ ಕೂಡಿಸಿ ನೋಡಿ. ದಿನಾ ಲೋಡು ಹೊಡೆಯುವವರಿಗೆ ಹೊಸದೇ ಅಗ್ಗ. ವರ್ಷಕ್ಕೆ ನಾಲ್ಕು ತಿಂಗಳು ಹಗುರ ಕೆಲಸ ಮಾಡುವ ಗಾಡಿಗೆ, ಪಟ್ಟಿಗಳು ಬಿರುಕಿಲ್ಲದೆ ದಪ್ಪ ಉಳಿದಿದ್ದರೆ, ಸರಿಯಾಗಿ ಹದ ಮಾಡಿದ ಕಮಾನು ಸಾಕು.

ಮುಂದೆ ಟಾರ್ಶನ್ ಬಾರು ಇರುವವರಿಗೆ ಒಂದು ಮಾತು. ಬೋಲ್ಟು ತಿರುಗಿಸಿದರೆ ಪೈಸೆ ಖರ್ಚಿಲ್ಲದೆ ಗಾಡಿ ಏಳುತ್ತದೆ ಅಂತ ಪೂರ್ತಿ ತಿರುಗಿಸಬೇಡಿ. ಬಾಲ್ ಜಾಯಿಂಟಿನ ಮೇಲೆ ಎಳೆತ ಬೀಳುತ್ತದೆ, ಚಕ್ರದ ಓರೆ ಕೆಟ್ಟು ಟೈರು ಒಂದು ಪಕ್ಕ ಸವೆಯುತ್ತದೆ. ಸೋತದ್ದನ್ನು ಮೊದಲಿನ ಎತ್ತರಕ್ಕೆ ತಂದು, ಅಲೈನ್‌ಮೆಂಟ್ ಮಾಡಿಸಿ, ಅಲ್ಲಿಗೆ ನಿಲ್ಲಿಸಿ.

ಕೊಳ್ಳುವಾಗ, ಕೂರಿಸುವಾಗ

ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಬ್ಲೇಡು ಬಂದಿರುತ್ತದೆ. ಚಾಸಿ ನಂಬರು ಬರೆದುಕೊಳ್ಳಿ. ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ ಎಷ್ಟು, ಸೆಂಟರ್ ಬೋಲ್ಟಿನಿಂದ ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ ಎಷ್ಟು, ಪಟ್ಟಿಯ ಅಗಲ, ಒಂದೊಂದು ಪಟ್ಟಿಯ ದಪ್ಪ, ಒಟ್ಟು ಎಷ್ಟು ಪಟ್ಟಿ, ಬುಷ್ಷಿನ ಅಳತೆ, ಇಷ್ಟೂ ಚೀಟಿಯಲ್ಲಿರಲಿ. ಸೆಂಟರ್ ಬೋಲ್ಟು ಯಾವಾಗಲೂ ನಟ್ಟನಡುವೆ ಇರುವುದಿಲ್ಲ. ಹಿಂದುಮುಂದಾಗಿ ಕೂರಿಸಿದರೆ ಚಕ್ರ ಮುಂದಕ್ಕೋ ಹಿಂದಕ್ಕೋ ಸರಿದು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಬ್ಲೇಡನ್ನು ಜೋಡಿಯಾಗಿಯೇ ಬದಲಾಯಿಸಿ. ಎಡಕ್ಕೆ ಹೊಸದು, ಬಲಕ್ಕೆ ಹಳೇದು ಹಾಕಿದರೆ ಗಾಡಿ ವಾಲುತ್ತದೆ. ಯು ಬೋಲ್ಟು ಹೊಸದೇ ಇರಲಿ, ಒಮ್ಮೆ ಎಳೆದು ಬಿಗಿದದ್ದು ಎರಡನೇ ಸಲ ಹಾಗೆ ಹಿಡಿಯುವುದಿಲ್ಲ. ಕಣ್ಣಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆ ಬಿಗಿದರೆ ರಬ್ಬರ್ ಬುಷ್ಷು ತಿರುಚಿ ಹರಿಯುವುದಿಲ್ಲ. ೫೦೦ ಕಿ.ಮೀ. ಓಡಿದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿಸಿ. ಇದನ್ನು ಮರೆಯುವವರೇ ಹೆಚ್ಚು. ಸೆಂಟರ್ ಬೋಲ್ಟು ತುಂಡಾಗುವುದಕ್ಕೆ ಮುಖ್ಯ ಕಾರಣ ಸಡಿಲ ಯು ಬೋಲ್ಟು.

ಎತ್ತಿದ ಮೇಲೆ ಬ್ರೇಕು ನೋಡಿ

ಇಡೀ ಭಾಷಣದಲ್ಲಿ ಇದೊಂದನ್ನಾದರೂ ಮನೆಗೆ ಒಯ್ಯಿರಿ ಅಂತ ಕೇಳಿಕೊಳ್ಳುತ್ತೇವೆ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಹೌಸಿಂಗಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ. ಅದು ಬ್ರೇಕಿನ ವಾಲ್ವಿಗೆ ಸೇರಿದ್ದು. ಲೋಡು ಬಿದ್ದು ಚಾಸಿ ತಗ್ಗಿದರೆ ಆ ವಾಲ್ವು ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕು ಬಿಡುತ್ತದೆ, ಖಾಲಿ ಇದ್ದು ಎದ್ದು ನಿಂತರೆ ಕಡಿಮೆ ಬಿಡುತ್ತದೆ. ನೀವು ಬ್ಲೇಡು ಎತ್ತಿಸಿ ಕಡ್ಡಿಯನ್ನು ಹಾಗೇ ಬಿಟ್ಟರೆ, ಒಂದು ಟನ್ ಹೇರಿದ್ದರೂ ವಾಲ್ವು ಗಾಡಿ ಖಾಲಿ ಇದೆ ಅಂತಲೇ ತಿಳಿಯುತ್ತದೆ. ಹಿಂದಿನ ಬ್ರೇಕು ಅರೆಬರೆ ಆಗುತ್ತದೆ. ಇಳಿಜಾರಿನಲ್ಲಿ ಎದುರಿಗೆ ಶಾಲೆ ಮಕ್ಕಳು ಬಂದಾಗ ಇದು ಗೊತ್ತಾಗುವುದು ಬೇಡ. ಮೆಕಾನಿಕ್ಕಿಗೆ ಹೇಳಿ ಕಂಪನಿ ಕೈಪಿಡಿಯ ಪ್ರಕಾರ ಹೊಂದಿಸಿಕೊಳ್ಳಿ.

ಅದರ ಜೊತೆಗೆ ಬ್ರೇಕ್ ಹೋಸು ಚಕ್ರ ಕೆಳಗೆ ತೂಗಿದಾಗ ಬಿಗಿಯಾಗಿ ಎಳೆಯುತ್ತದಾ, ಶಾಕ್ ಅಬ್ಸಾರ್ಬರಿನ ಉದ್ದ ಸಾಲುತ್ತದಾ, ಜಾಯಿಂಟ್ ಶಾಫ್ಟಿನ ಓರೆ ಹೆಚ್ಚಾಗಿ ನಡುಕ ಬರುತ್ತದಾ ನೋಡಿ. ಹೆಡ್‌ಲೈಟೂ ಹೊಂದಿಸಬೇಕು. ಎತ್ತರವಾದ ಗಾಡಿ ತಿರುವಿನಲ್ಲಿ ಬೇಗ ಮಗುಚುತ್ತದೆ. ಕ್ರೇಟು ಮೇಲಕ್ಕೆ ಪೇರಿಸಿದ್ದರೆ ಇನ್ನೂ ಬೇಗ.

ಕಾನೂನು, ಲೋಡು

೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೇ ಕಲಂ ಪ್ರಕಾರ ಕಂಪನಿ ಮೂಲತಃ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಸೋತ ಬ್ಲೇಡನ್ನು ಮೊದಲಿನ ಅಳತೆಗೆ ತರುವುದು ರಿಪೇರಿ. ಅದಕ್ಕಿಂತ ಮೇಲೆ ಎತ್ತುವುದು ಮಾರ್ಪಾಡು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಂದು ಸಲ ಎಫ್.ಸಿ. ಮಾಡಿಸಬೇಕು, ಅಲ್ಲಿ ತೊಂದರೆಯಾಗುತ್ತದೆ. ಅಪಘಾತವಾದರೆ ವಿಮೆಯವರೂ ಇದನ್ನೇ ಮುಂದೆ ಮಾಡುತ್ತಾರೆ.

ಲೋಡಿನ ಲೆಕ್ಕ ಆರ್.ಸಿ. ಪುಸ್ತಕದಲ್ಲೇ ಇದೆ. ಉದಾಹರಣೆಗೆ ಗಾಡಿಯ ಒಟ್ಟು ತೂಕ ೨,೭೦೦ ಕಿಲೋ, ಖಾಲಿ ತೂಕ ೧,೬೦೦ ಅಂತ ಇದ್ದರೆ ಉಳಿದದ್ದು ೧,೧೦೦. ಡ್ರೈವರು, ಜೊತೆಯವನು ಸೇರಿ ೧೫೦ ಕಳೆಯಿರಿ. ಉಳಿಯಿತು ೯೫೦. ಹದಿನೈದು ಕಿಲೋ ಟೊಮೇಟೊ ಕ್ರೇಟಾದರೆ ೬೩, ಕ್ರೇಟಿನ ತೂಕ ಸೇರಿಸಿದರೆ ಇನ್ನೂ ಕಡಿಮೆ. ನೂರು ಕ್ರೇಟು ಹೇರಬೇಕು ಅಂತ ಎರಡು ಬ್ಲೇಡು ಸೇರಿಸಿದರೆ ಗಾಡಿ ಕೂರದೇ ಇರಬಹುದು. ಆದರೆ ಹೌಸಿಂಗು, ಬೇರಿಂಗು, ಟೈರು, ಚಾಸಿ, ಬ್ರೇಕು ಮೊದಲಿನಷ್ಟೇ ಇವೆಯಲ್ಲ! ಮೊದಲು ಗಾಡಿ ಕೂತು "ಸಾಕು" ಅಂತ ಹೇಳುತ್ತಿತ್ತು. ಈಗ ಆ ಬಾಯಿಯನ್ನೂ ಮುಚ್ಚಿಸಿದ ಹಾಗಾಯಿತು. ೨೦೧೯ರ ತಿದ್ದುಪಡಿಯಾದ ಮೇಲೆ ಹೆಚ್ಚು ಲೋಡಿಗೆ ಕಾಯ್ದೆಯಲ್ಲಿ ಬರೆದಿರುವ ದಂಡ ೨೦,೦೦೦ ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ ೨,೦೦೦. ಆ ದುಡ್ಡು ಯಾವ ಟೊಮೇಟೊ ರೇಟಿನಲ್ಲಿ ಹುಟ್ಟುತ್ತದೆ ಹೇಳಿ?

ಇನ್ನೊಂದು ಮಾತು ತಾಯಂದಿರ ಎದುರಿಗೇ ಹೇಳಬೇಕು. ಜಾತ್ರೆಗೆ, ಮದುವೆಗೆ, ಕೂಲಿಗೆ ಜನರನ್ನು ಇದೇ ಗಾಡಿಯ ಹಿಂದೆ ನಿಲ್ಲಿಸಿಕೊಂಡು ಹೋಗುತ್ತೇವೆ. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ನಿಂತ ಜನರ ಭಾರ ಮೇಲೆ ಇರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಎತ್ತಿಸಿದ ಹಳೇ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. "ನಮ್ಮ ಗಾಡಿ ತಾನೇ" ಅಂತ ಹತ್ತಬೇಡಿ, ಹತ್ತಿಸಲೂಬೇಡಿ.

ಸಂಘ ಏನು ಮಾಡಬಹುದು?

ಕೊನೆಯದಾಗಿ ಸಂಘಕ್ಕೆ ನಮ್ಮದೊಂದು ಸಣ್ಣ ಮನವಿ. ಸಂಘದ ಕಚೇರಿಯಲ್ಲಿ ಒಂದು ಟೇಪು, ಒಂದು ವರ್ನಿಯರ್ ಕ್ಯಾಲಿಪರ್ ಇಡೋಣ. ಒಂದು ನೋಟು ಪುಸ್ತಕದಲ್ಲಿ ಸದಸ್ಯರ ಗಾಡಿಗಳ ಅಳತೆ, ಯಾವ ಬ್ಲೇಡು ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಎಷ್ಟು ತಿಂಗಳು ಬಾಳಿತು ಅಂತ ಬರೆದಿಡೋಣ. ಒಬ್ಬೊಬ್ಬರೇ ಹೋದರೆ ಅಂಗಡಿಯವನು ಹೇಳಿದ್ದೇ ರೇಟು. ನಾಲ್ಕು ಗಾಡಿಯವರು ಒಟ್ಟಿಗೆ ಹೋಗಿ, ಬ್ಲೇಡು, ಬುಷ್ಷು, ಯು ಬೋಲ್ಟು, ಕೂಲಿ ಎಲ್ಲಕ್ಕೂ ಬಿಡಿಬಿಡಿಯಾಗಿ ರೇಟು ಬರೆಸಿಕೊಂಡು, ಬಿಲ್ಲು ತೆಗೆದುಕೊಂಡರೆ ರೇಟೂ ಇಳಿಯುತ್ತದೆ, ಸರಕು ಕೆಟ್ಟರೆ ಕೇಳುವ ಹಕ್ಕೂ ಇರುತ್ತದೆ. ಗೊಬ್ಬರ, ಬಿತ್ತನೆ ಬೀಜವನ್ನು ಒಟ್ಟಾಗಿ ಕೊಳ್ಳುವುದನ್ನು ಕಲಿಸಿದ ಸಂಘಕ್ಕೆ ಬ್ಲೇಡು ಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಊಟದ ನಂತರ ಯಾರಾದರೂ ತಮ್ಮ ಗಾಡಿ ಗೋದಾಮಿನ ಕಣಕ್ಕೆ ತಂದರೆ, ಟೇಪು ಹಿಡಿದು ನಾವೇ ಅಳೆದು ತೋರಿಸುತ್ತೇವೆ.

ಜೈ ಸಹಕಾರ.